ದೈತ್ಯಮೃಗ ಚಲನಚಿತ್ರಗಳ ವಿಡಿಯೋ ಗೇಮ್‌ಗಳು

ಕಿಂಗ್ ಕಾಂಗ್, ಗಾಡ್ಜಿಲಾ ಮೊದಲಾದ ದೈತ್ಯಮೃಗಗಳ ಚಲನಚಿತ್ರಗಳನ್ನು ಆಧರಿಸಿ 1980 ಮತ್ತು 1990ರ ದಶಕಗಳಲ್ಲಿ ತಯಾರಾದ ವಿಡಿಯೋ ಗೇಮ್‌ಗಳು. ಚಿತ್ರಗಳಿಗಿದ್ದ ಜನಪ್ರಿಯತೆ ಈ ಆಟಗಳ ಪಾಲಿಗೆ ಬರಲಿಲ್ಲ. ಇವುಗಳಲ್ಲಿ ಹಲವು ಆಟಗಾರರಿಗೆ ನಿರಾಸೆ ತಂದವು.

ಹಿನ್ನೆಲೆ

ಜಪಾನಿನ ತೊಹೊ ಸಂಸ್ಥೆಯ ‘ಗೊಜಿರಾ’ (ಗಾಡ್ಜಿಲಾ) 1954ರ ನವೆಂಬರ್ 3ರಂದು ತೆರೆಕಂಡಿತು. ನಿರ್ದೇಶಕರು ಇಶಿರೊ ಹೊಂಡಾ. ತಂತ್ರದೃಶ್ಯಗಳ ಹೊಣೆ ಹೊತ್ತ ಐಜಿ ತ್ಸುಬುರಾಯಾ, ಮೃಗದ ವೇಷ ತೊಟ್ಟ ನಟನನ್ನು ಪುಟ್ಟ ಮಾದರಿ ನಗರದೊಳಗೆ ನಡೆಸಿ, ಕ್ಯಾಮೆರಾವನ್ನು ಹೆಚ್ಚಿನ ವೇಗದಲ್ಲಿ ಓಡಿಸಿ ಚಿತ್ರೀಕರಿಸಿದರು. ಅದನ್ನೇ ಸಾಮಾನ್ಯ ವೇಗದಲ್ಲಿ ತೋರಿಸಿದಾಗ ಒಂದೊಂದು ಹೆಜ್ಜೆಯೂ ಭಾರವಾಗಿ ಕಂಡಿತು. ಸಂಗೀತ ನಿರ್ದೇಶಕ ಅಕಿರಾ ಇಫುಕುಬೆ, ಡಬಲ್ ಬೇಸ್ ವಾದ್ಯದ ಸಡಿಲಗೊಳಿಸಿದ ತಂತಿಯ ಮೇಲೆ ಚರ್ಮದ ಕೈಗವಸನ್ನು ಉಜ್ಜಿ ಗರ್ಜನೆಯನ್ನು ಸೃಷ್ಟಿಸಿದರು. ಗಾತ್ರ, ಭಾರ, ದನಿ ಈ ಮೂರೇ ಇಂಥ ಚಿತ್ರಗಳ ಜೀವಾಳ. ಭಾರತದಲ್ಲೂ 1966ರಲ್ಲಿ ‘ಗೊಗೋಲಾ’ ಎಂಬ ದೈತ್ಯಮೃಗದ ಹಿಂದಿ ಚಿತ್ರ ಬಂದಿತ್ತು.

ಪ್ರಮುಖ ಆಟಗಳು

ಟೈಗರ್‌ವಿಷನ್ ಸಂಸ್ಥೆ 1982ರಲ್ಲಿ ಅಟಾರಿ 2600 ಯಂತ್ರಕ್ಕೆ ತಂದ ‘ಕಿಂಗ್ ಕಾಂಗ್’ ಹೆಸರಿಗೆ ಮಾತ್ರ ಚಿತ್ರದ್ದು. ಆಟವೆಲ್ಲ ಹಿಂದಿನ ವರ್ಷ ಬಂದಿದ್ದ ‘ಡಾಂಕಿ ಕಾಂಗ್’ನ ಅನುಕರಣೆ. ದೈತ್ಯ ವಾನರ ತುದಿಯಲ್ಲಿ ನಿಂತಿರುತ್ತದೆ, ಆಟಗಾರ ಪುಟ್ಟ ಮನುಷ್ಯನಾಗಿ ಏಣಿ ಹತ್ತುತ್ತಾನೆ.

ಕಂಪೈಲ್ ಸಂಸ್ಥೆ ನಿಂಟೆಂಡೊದ 8 ಬಿಟ್ ಯಂತ್ರಕ್ಕೆ ರೂಪಿಸಿದ ‘ಗಾಡ್ಜಿಲಾ: ಮಾನ್‌ಸ್ಟರ್ ಆಫ್ ಮಾನ್‌ಸ್ಟರ್ಸ್’ ಜಪಾನಿನಲ್ಲಿ 1988ರಲ್ಲಿ, ಅಮೆರಿಕದಲ್ಲಿ 1989ರಲ್ಲಿ ಹೊರಬಂತು. ಆರು ಮೂಲೆಯ ಮನೆಗಳ ಹಾಸಿನ ಮೇಲೆ ಗಾಡ್ಜಿಲಾ ಮತ್ತು ಮೋತ್ರಾ ಎಂಬ ದೈತ್ಯ ಪತಂಗವನ್ನು ನಡೆಸಬೇಕು. ಕಾಯಿ ಕಾಲಿಟ್ಟ ಮನೆ ಒಂದು ಹಂತವಾಗಿ ತೆರೆದುಕೊಳ್ಳುತ್ತದೆ. ಗುದ್ದು, ಒದೆ, ಬಾಲದ ಹೊಡೆತ, ಬಾಯಿಂದ ಚಿಮ್ಮುವ ಕಿರಣ ಎಲ್ಲವೂ ಇವೆ. ಆದರೆ ಭೂಮಿಯಿಂದ ಎಕ್ಸ್ ಎಂಬ ಕಾಲ್ಪನಿಕ ಗ್ರಹದವರೆಗಿನ ಎಂಟೂ ಲೋಕಗಳಲ್ಲಿ ಅವೇ ಕೆಲವು ಹಿನ್ನೆಲೆಗಳು ಮರಳಿ ಮರಳಿ ಬರುತ್ತವೆ. ಎದುರಾಳಿ ಮೃಗ ಸೋಲುವ ಮೊದಲೇ ಸಮಯ ಮುಗಿದರೆ ಕಾಳಗ ಅರ್ಧಕ್ಕೇ ನಿಂತುಹೋಗುತ್ತದೆ.

1990ರ ಗೇಮ್ ಬಾಯ್ ಆಟದಲ್ಲಿ ಗಾಡ್ಜಿಲಾ ಬಳ್ಳಿ ಹತ್ತಿ ಬಂಡೆ ಒಡೆಯುವ ಪುಟಾಣಿ ಗೊಂಬೆಯಾಯಿತು. ಒಗಟಿನ ಆಟವಾಗಿ ಅದು ಸೊಗಸಾಗಿದೆ, ದೈತ್ಯ ಮಾತ್ರ ಅಲ್ಲಿಲ್ಲ. 1992ರ ‘ಗಾಡ್ಜಿಲಾ 2: ವಾರ್ ಆಫ್ ದಿ ಮಾನ್‌ಸ್ಟರ್ಸ್’ನಲ್ಲಿ ಆಟಗಾರನ ಕೈಗೆ ಸಿಕ್ಕಿದ್ದು ಮೃಗವಲ್ಲ, ಅದನ್ನು ತಡೆಯುವ ಸೈನ್ಯ. 1993ರ ‘ಸೂಪರ್ ಗಾಡ್ಜಿಲಾ’ದಲ್ಲಿ ಪರದೆಯ ಮೇಲಿನ ಮೃಗಗಳ ಚಿತ್ರಗಳು ದೊಡ್ಡವಾದವು, ಕಾಳಗ ಮಾತ್ರ ನೇರವಾಗಿರಲಿಲ್ಲ: ಶಕ್ತಿ ಕೂಡಿಸಿಕೊಂಡು, ಪಟ್ಟಿಯಿಂದ ಒಂದು ಪಟ್ಟನ್ನು ಆರಿಸಿ, ಅದರ ಫಲವನ್ನು ಕುಳಿತು ನೋಡಬೇಕಿತ್ತು. ಸೆಗಾ 1998ರಲ್ಲಿ ಡ್ರೀಮ್‌ಕಾಸ್ಟ್ ಯಂತ್ರದ ಜೊತೆಗೇ ಜಪಾನಿನಲ್ಲಿ ಬಿಡುಗಡೆ ಮಾಡಿದ ‘ಗಾಡ್ಜಿಲಾ ಜನರೇಷನ್ಸ್’ ಮೂರು ಆಯಾಮದ್ದಾಗಿದ್ದರೂ ವಿಮರ್ಶಕರ ಮನ ಗೆಲ್ಲಲಿಲ್ಲ.

ವೈಫಲ್ಯದ ಕಾರಣಗಳು

ಮೊದಲ ಕಾರಣ ಯಂತ್ರದ ಮಿತಿ. ನಿಂಟೆಂಡೊದ 8 ಬಿಟ್ ಯಂತ್ರದ ಪರದೆ 256 ಚುಕ್ಕಿ ಅಗಲ. ಚಲಿಸುವ ಚಿತ್ರಗಳನ್ನು 8 ಚುಕ್ಕಿ ಅಗಲದ ತುಂಡುಗಳಿಂದ ಜೋಡಿಸಬೇಕು. ಒಂದೇ ಸಾಲಿನಲ್ಲಿ ಅಂಥ 8 ತುಂಡುಗಳಿಗಷ್ಟೇ ಜಾಗ. ಅಂದರೆ ಚಲಿಸುವ ಚಿತ್ರಗಳೆಲ್ಲ ಸೇರಿ ಪರದೆಯ ಕಾಲುಭಾಗದಷ್ಟು ಅಗಲವಾಗುವ ಹೊತ್ತಿಗೆ ಸಾಲು ಭರ್ತಿ. ಮೃಗ ದೊಡ್ಡದಾದಷ್ಟೂ ಉಳಿದವು ಮಿಣುಕಿ ಮಾಯವಾಗುತ್ತಿದ್ದವು.

ಆದರೆ ತಪ್ಪೆಲ್ಲ ಯಂತ್ರದ್ದಲ್ಲ. 1986ರ ಆರ್ಕೇಡ್ ಆಟ ‘ರಾಂಪೇಜ್’ ಯಾವ ಚಿತ್ರದ ಹಕ್ಕನ್ನೂ ಪಡೆದಿರಲಿಲ್ಲ. ಅದು ಆಟಗಾರನನ್ನೇ ಮೃಗವಾಗಿಸಿ, ಕಟ್ಟಡ ಹತ್ತಿ ಗುದ್ದಿ ಕೆಡವಲು ಬಿಟ್ಟಿತು. ಪಕ್ಕದಲ್ಲಿ ಪುಟ್ಟ ಮನುಷ್ಯರು, ಟ್ಯಾಂಕುಗಳು ಇದ್ದುದರಿಂದಲೇ ಮೃಗ ದೊಡ್ಡದಾಗಿ ಕಂಡಿತು.

ಭಾರತದಲ್ಲಿ

1990ರ ದಶಕದಲ್ಲಿ ಬೆಂಗಳೂರು, ಕೊಯಮತ್ತೂರಿನಂಥ ನಗರಗಳ ಮಕ್ಕಳು ಇಂಥ 8 ಬಿಟ್ ಆಟಗಳನ್ನು ಕಂಡದ್ದು ಬಹುಪಾಲು ಫ್ಯಾಮಿಕಾಮ್‌ನ, ಅಂದರೆ ನಿಂಟೆಂಡೊ 8 ಬಿಟ್ ಯಂತ್ರದ ಜಪಾನಿ ರೂಪದ, ನಕಲು ಯಂತ್ರಗಳಲ್ಲಿ. ಆಟದ ಕಾರ್ಟ್ರಿಜ್‌ಗೆ ಇಲ್ಲಿ ‘ಕ್ಯಾಸೆಟ್’ ಎಂದೇ ಹೆಸರಿತ್ತು. ನೂರಾರು ಆಟಗಳೆಂದು ಹೊರಗೆ ಬರೆದಿದ್ದ ಕ್ಯಾಸೆಟ್‌ನೊಳಗೆ ಕೆಲವೇ ಆಟಗಳು ಹೆಸರು ಬದಲಿಸಿ ಸುತ್ತುತ್ತಿದ್ದವು.

ಮೌಲ್ಯಮಾಪನ

ದೈತ್ಯನ ದೊಡ್ಡತನ ಚುಕ್ಕಿಗಳ ಲೆಕ್ಕದಲ್ಲಿಲ್ಲ, ಅದರ ಪಕ್ಕದಲ್ಲಿರುವ ಚಿಕ್ಕದರಲ್ಲಿದೆ. ತ್ಸುಬುರಾಯಾ ಮಾದರಿ ನಗರ ಕಟ್ಟಿ ಸಾಧಿಸಿದ್ದು ಇದನ್ನೇ. ಈ ಪಾಠವನ್ನು ಬಿಟ್ಟು ಹೆಸರನ್ನಷ್ಟೇ ಕೊಂಡ ಆಟಗಳು ಸೋತವು.