ಊರಿನ ತೆರಿಗೆ, ಊರಿನ ಶಾಲೆ

ಅಮೆರಿಕದಲ್ಲಿ ಮನೆ ಕೊಳ್ಳಲು ಹೊರಟವರು ನೀರು, ರಸ್ತೆ, ನೆರೆಹೊರೆಗಳ ಜೊತೆಗೆ ಇನ್ನೊಂದು ಸಂಗತಿಯನ್ನೂ ತಪ್ಪದೆ ವಿಚಾರಿಸುತ್ತಾರೆ. ಮನೆ ಯಾವ ಶಾಲಾ ಜಿಲ್ಲೆಗೆ ಸೇರಿದೆ ಎಂಬುದೇ ಆ ಸಂಗತಿ. ಒಂದೇ ಬಗೆಯ ಎರಡು ಮನೆಗಳು ರಸ್ತೆಯ ಆಚೆ ಈಚೆ ಇದ್ದರೂ, ಶಾಲಾ ಜಿಲ್ಲೆಯ ಗಡಿ ನಡುವೆ ಹಾದುಹೋದರೆ ಅವುಗಳ ಬೆಲೆಯೇ ಬೇರೆಯಾಗುವುದುಂಟು. ಮನೆಯ ಬೆಲೆಗೂ ಮಗುವಿನ ಪಾಠಕ್ಕೂ ಏನು ಸಂಬಂಧ ಎಂಬ ಪ್ರಶ್ನೆ ನಮಗೆ ವಿಚಿತ್ರವಾಗಿ ತೋರಬಹುದು. ಆದರೆ ಇದೇ ಪ್ರಶ್ನೆ ಟೆಕ್ಸಾಸ್ ರಾಜ್ಯದ ಒಂದು ಬಡ ಬಡಾವಣೆಯಿಂದ ಹೊರಟು ಆ ದೇಶದ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಅಲ್ಲಿ ಸೋತ ಮೇಲೂ ಸುಮ್ಮನಾಗಲಿಲ್ಲ.

ತೆರಿಗೆ ಹಾಕುವ ಶಾಲೆ

ಅಲ್ಲಿನ ಶಾಲಾ ಜಿಲ್ಲೆಗೂ ನಮ್ಮ ಕಂದಾಯ ಜಿಲ್ಲೆಗೂ ಹೋಲಿಕೆಯಿಲ್ಲ. ಅದು ಶಾಲೆಗಳನ್ನು ನಡೆಸುವುದಕ್ಕೆಂದೇ ಇರುವ ಒಂದು ಪ್ರತ್ಯೇಕ ಸ್ಥಳೀಯ ಸಂಸ್ಥೆ. ಬಹುತೇಕ ಕಡೆ ಅದಕ್ಕೆ ತನ್ನದೇ ಗಡಿ, ಜನ ಆರಿಸಿದ ಮಂಡಳಿ, ಮನೆ-ನಿವೇಶನ-ಕಾರ್ಖಾನೆಗಳ ಮೇಲೆ ತೆರಿಗೆ ಹಾಕುವ ಅಧಿಕಾರ ಎಲ್ಲವೂ ಇರುತ್ತವೆ. ಇಂಥ ಜಿಲ್ಲೆಗಳು ದೇಶದಲ್ಲಿ ಸುಮಾರು 13 ಸಾವಿರ ಇವೆ.

ಈ ಪದ್ಧತಿಯ ಬೇರು ಹಳೆಯದು. 1647ರಲ್ಲಿ ಮ್ಯಾಸಚೂಸೆಟ್ಸ್ ವಸಾಹತು ಒಂದು ಕಾನೂನು ಮಾಡಿತು. 50 ಮನೆಗಳಿರುವ ಊರು ಓದುಬರಹ ಕಲಿಸುವ ಒಬ್ಬ ಮೇಷ್ಟರನ್ನು ನೇಮಿಸಬೇಕು, 100 ಮನೆಗಳಾದರೆ ಲ್ಯಾಟಿನ್ ವ್ಯಾಕರಣ ಶಾಲೆಯನ್ನೇ ತೆರೆಯಬೇಕು ಎಂಬುದು ಅದರ ಸಾರ. ಅಂದಿನಿಂದ ಶಾಲೆಯೆಂದರೆ ಊರಿನ ಹೊಣೆ, ಊರಿನ ಹಕ್ಕು ಎಂಬ ಭಾವನೆ ಗಟ್ಟಿಯಾಯಿತು. ಜನ ಪಶ್ಚಿಮಕ್ಕೆ ವಲಸೆ ಹೋದಂತೆ ಈ ಭಾವನೆಯೂ ಅವರ ಜೊತೆಗೆ ಹೋಯಿತು.

ಹೀಗಾಗಿ ಶಾಲೆಯ ಜಗಳ ಅಲ್ಲಿನ ಸ್ಥಳೀಯ ರಾಜಕೀಯದ ಜೀವಾಳ. ಹೊಸ ಕಟ್ಟಡ ಬೇಕೆ, ಅದಕ್ಕೆ ಸಾಲಪತ್ರ ಹೊರಡಿಸಬೇಕೆ, ಮೇಷ್ಟರ ಸಂಬಳ ಏರಬೇಕೆ, ತೆರಿಗೆಯ ದರ ಎಷ್ಟಿರಬೇಕು ಎಂಬ ಪ್ರಶ್ನೆಗಳೆಲ್ಲ ಮಂಡಳಿಯ ಸಭೆಯಲ್ಲಿ, ಎಷ್ಟೋ ಸಲ ಮತಪೆಟ್ಟಿಗೆಯಲ್ಲಿ ತೀರ್ಮಾನವಾಗುತ್ತವೆ. ಮಕ್ಕಳು ಬೆಳೆದು ದೂರ ಹೋದ ವೃದ್ಧ ದಂಪತಿ ಇನ್ನೊಬ್ಬರ ಮಕ್ಕಳಿಗೆ ತಾವೇಕೆ ತೆರಿಗೆ ಕಟ್ಟಬೇಕೆಂದು ಕೇಳುತ್ತಾರೆ. ಒಳ್ಳೆಯ ಶಾಲೆಯಿದ್ದರೆ ನಿಮ್ಮ ಮನೆಗೇ ಬೆಲೆ ಎಂದು ಎಳೆಯ ತಂದೆತಾಯಿಗಳು ಉತ್ತರಿಸುತ್ತಾರೆ. ತಮ್ಮ ಹಣ ಎಲ್ಲಿ ಹೋಯಿತೆಂದು ಜನ ಕಣ್ಣಾರೆ ಕಾಣುವುದು ಈ ವ್ಯವಸ್ಥೆಯ ದೊಡ್ಡ ಗುಣ. ಆದರೆ ಊರಿಗೆ ಊರೇ ಬಡವಾಗಿದ್ದರೆ ಏನು ಗತಿ? ಗುಣದ ಬೆನ್ನಿಗೇ ಅಂಟಿಕೊಂಡಿರುವ ದೋಷ ಅದು.

ಒಂದೇ ನಗರ, ಎರಡು ಲೋಕ

ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೊ ನಗರ ಪ್ರದೇಶದಲ್ಲಿ ಹಲವು ಶಾಲಾ ಜಿಲ್ಲೆಗಳಿದ್ದವು. ಪಶ್ಚಿಮ ಭಾಗದ ಎಜ್‌ವುಡ್‌ನಲ್ಲಿ ಸುಮಾರು 22 ಸಾವಿರ ಮಕ್ಕಳು 25 ಶಾಲೆಗಳಲ್ಲಿ ಓದುತ್ತಿದ್ದರು. ಅವರಲ್ಲಿ ನೂರಕ್ಕೆ ತೊಂಬತ್ತು ಜನ ಮೆಕ್ಸಿಕನ್ ಮೂಲದವರು. ಹೇಳಿಕೊಳ್ಳುವಂಥ ವ್ಯಾಪಾರವಾಗಲಿ ಕಾರ್ಖಾನೆಯಾಗಲಿ ಅಲ್ಲಿರಲಿಲ್ಲ. ಕೆಲವೇ ಮೈಲಿ ದೂರದ ಅಲಾಮೊ ಹೈಟ್ಸ್ ಉಳ್ಳವರ ನೆಲೆ. ಅಲ್ಲಿ ಆರು ಶಾಲೆ, ಸುಮಾರು 5 ಸಾವಿರ ಮಕ್ಕಳು.

1968ರ ಮೇ 16ರಂದು ಎಜ್‌ವುಡ್ ಪ್ರೌಢಶಾಲೆಯ ಸುಮಾರು 400 ವಿದ್ಯಾರ್ಥಿಗಳು ತರಗತಿ ಬಿಟ್ಟು ಹೊರನಡೆದರು. ಒಡೆದ ಕಿಟಕಿಗಳು ದುರಸ್ತಿಯಾಗಿರಲಿಲ್ಲ. ತರಬೇತಿ ಪಡೆದ ಶಿಕ್ಷಕರ ಕೊರತೆಯಿತ್ತು. ಮಕ್ಕಳು ಮೆರವಣಿಗೆಯಲ್ಲಿ ಜಿಲ್ಲಾ ಶಾಲಾಧಿಕಾರಿಯ ಕಚೇರಿಗೆ ಹೋಗಿ ದೂರು ಹೇಳಿದರು. ತಂದೆತಾಯಿಗಳ ಸಂಘವೊಂದು ಹುಟ್ಟಿಕೊಂಡಿತು. ಅವರಲ್ಲೊಬ್ಬರು ಡಿಮೆಟ್ರಿಯೊ ರಾಡ್ರಿಗಸ್. ಮಾಜಿ ಸೈನಿಕರಾದ ಅವರು ಕೆಲ್ಲಿ ವಾಯುಪಡೆ ನೆಲೆಯಲ್ಲಿ ತಗಡಿನ ಕೆಲಸ ಮಾಡುತ್ತಿದ್ದರು.

ಹಣ ಎಲ್ಲಿ ಸೋರುತ್ತಿದೆ, ಯಾರು ತಿನ್ನುತ್ತಿದ್ದಾರೆ ಎಂದೇ ಮೊದಲು ತಂದೆತಾಯಿಗಳ ಅನುಮಾನ. ವಕೀಲ ಆರ್ಥರ್ ಗೋಕ್‌ಮನ್ ಅವರಿಗೆ ಬೇರೆಯದೇ ಸಂಗತಿಯನ್ನು ತೋರಿಸಿಕೊಟ್ಟರು. ತಿನ್ನುವುದಕ್ಕೆ ಅಲ್ಲಿ ಹಣವೇ ಇರಲಿಲ್ಲ.

1967-68ರ ಲೆಕ್ಕ ಹೀಗಿತ್ತು. ಎಜ್‌ವುಡ್‌ನಲ್ಲಿ ತೆರಿಗೆಗೆ ಒಳಪಡುವ ಆಸ್ತಿಯ ಮೌಲ್ಯ ತಲಾ ವಿದ್ಯಾರ್ಥಿಗೆ 5,960 ಡಾಲರ್. ಅಲಾಮೊ ಹೈಟ್ಸ್‌ನಲ್ಲಿ 49 ಸಾವಿರಕ್ಕೂ ಮೇಲೆ. ಎಜ್‌ವುಡ್‌ನ ಜನ ನೂರು ಡಾಲರ್ ಆಸ್ತಿಗೆ 1.05 ಡಾಲರ್ ದರದಲ್ಲಿ ತೆರಿಗೆ ಕಟ್ಟುತ್ತಿದ್ದರು. ಇಡೀ ನಗರ ಪ್ರದೇಶದಲ್ಲೇ ಅದು ಅತಿ ಹೆಚ್ಚಿನ ದರ. ಅಲಾಮೊ ಹೈಟ್ಸ್‌ನ ದರ 85 ಸೆಂಟ್ ಮಾತ್ರ. ರಾಜ್ಯದ ಯೋಜನೆಗೆ ಕೊಡಬೇಕಾದ ಪಾಲನ್ನು ಕಟ್ಟಿದ ಮೇಲೆ ಸ್ಥಳೀಯ ತೆರಿಗೆಯಿಂದ ಎಜ್‌ವುಡ್‌ನ ಪ್ರತಿ ಮಗುವಿಗೆ ಉಳಿಯುತ್ತಿದ್ದುದು 26 ಡಾಲರ್. ಅಲಾಮೊ ಹೈಟ್ಸ್‌ನ ಮಗುವಿಗೆ 333 ಡಾಲರ್. ಹೆಚ್ಚು ಹಿಂಡಿದ ಕಡೆ ಹನಿ, ಕಡಿಮೆ ಹಿಂಡಿದ ಕಡೆ ಕೊಡ.

ರಾಜ್ಯ ಸರ್ಕಾರ ನೆರವು ಕೊಡುತ್ತಿರಲಿಲ್ಲವೇ? ಕೊಡುತ್ತಿತ್ತು. 1949ರಲ್ಲೇ ಟೆಕ್ಸಾಸ್ ಕನಿಷ್ಠ ಶಿಕ್ಷಣಕ್ಕೆ ಹಣ ಒದಗಿಸುವ ಯೋಜನೆ ತಂದಿತ್ತು. ಅದರಡಿ ಎಜ್‌ವುಡ್‌ಗೆ ತಲಾ 222 ಡಾಲರ್ ಸಿಗುತ್ತಿತ್ತು. ವಿಪರ್ಯಾಸವೆಂದರೆ ಶ್ರೀಮಂತ ಅಲಾಮೊ ಹೈಟ್ಸ್‌ಗೆ ಸಿಗುತ್ತಿದ್ದುದು ಇನ್ನೂ ಮೂರು ಡಾಲರ್ ಹೆಚ್ಚು, ಅಂದರೆ 225! ಶಿಕ್ಷಕರ ಅರ್ಹತೆ, ಅನುಭವ ಹೆಚ್ಚಿದಂತೆ ರಾಜ್ಯದ ನೆರವೂ ಹೆಚ್ಚುತ್ತಿತ್ತು. ಅರ್ಹ ಶಿಕ್ಷಕರು ಹೆಚ್ಚು ಸಂಬಳ ಕೊಡುವ ಕಡೆಗೇ ಹೋಗುತ್ತಿದ್ದರು. ಕೇಂದ್ರದ ನೆರವನ್ನೂ ಸೇರಿಸಿದರೆ ಎಜ್‌ವುಡ್‌ನ ಮಗುವಿಗೆ ವರ್ಷಕ್ಕೆ 356 ಡಾಲರ್, ಅಲಾಮೊ ಹೈಟ್ಸ್‌ನ ಮಗುವಿಗೆ 594 ಡಾಲರ್ ಖರ್ಚಾಗುತ್ತಿತ್ತು.

ನಾಲ್ವರ ಎದುರು ಐವರು

1968ರ ಬೇಸಿಗೆಯಲ್ಲಿ ರಾಡ್ರಿಗಸ್ ಮತ್ತು ಇತರ ತಂದೆತಾಯಿಗಳು ಫೆಡರಲ್ ನ್ಯಾಯಾಲಯದಲ್ಲಿ ಮೊಕದ್ದಮೆ ಹೂಡಿದರು. 1971ರ ಡಿಸೆಂಬರಿನಲ್ಲಿ ಮೂವರು ನ್ಯಾಯಾಧೀಶರ ಪೀಠ ಅವರ ಪರವಾಗಿ ತೀರ್ಪಿತ್ತಿತು. ಟೆಕ್ಸಾಸ್ ಸರ್ಕಾರ ಸುಪ್ರೀಂ ಕೋರ್ಟಿಗೆ ಮೇಲ್ಮನವಿ ಹೋಯಿತು. ಇಲ್ಲೊಂದು ಸ್ವಾರಸ್ಯವಿದೆ. ಮೊಕದ್ದಮೆಯ ಶೀರ್ಷಿಕೆಯಲ್ಲಿ ರಾಡ್ರಿಗಸ್ ಅವರ ಎದುರಾಳಿಯಾಗಿ ಇಂದಿಗೂ ನಿಂತಿರುವುದು ಸ್ಯಾನ್ ಆಂಟೋನಿಯೊ ಶಾಲಾ ಜಿಲ್ಲೆಯ ಹೆಸರು. ಆದರೆ ಆ ಜಿಲ್ಲೆ ಆರಂಭದಲ್ಲೇ ಪ್ರತಿವಾದಿಗಳ ಪಟ್ಟಿಯಿಂದ ಹೊರಬಿದ್ದು, ಮುಂದೆ ತಂದೆತಾಯಿಗಳ ಪರವಾಗಿಯೇ ವಾದ ಮಂಡಿಸಿತ್ತು.

1973ರ ಮಾರ್ಚ್ 21ರಂದು ಐದಕ್ಕೆ ನಾಲ್ಕರ ಬಹುಮತದಿಂದ ಸುಪ್ರೀಂ ಕೋರ್ಟು ತಂದೆತಾಯಿಗಳ ವಾದವನ್ನು ತಳ್ಳಿಹಾಕಿತು. ಬಹುಮತದ ತೀರ್ಪು ಬರೆದವರು ನ್ಯಾಯಮೂರ್ತಿ ಲೂಯಿಸ್ ಪೊವೆಲ್. ಅವರು ಹಿಂದೆ ವರ್ಜೀನಿಯಾದ ರಿಚ್ಮಂಡ್ ನಗರದ ಶಾಲಾ ಮಂಡಳಿಗೆ ಅಧ್ಯಕ್ಷರಾಗಿದ್ದವರು. ಶಿಕ್ಷಣದ ಮಹತ್ವವನ್ನು ಅವರು ಅಲ್ಲಗಳೆಯಲಿಲ್ಲ. ಆದರೆ ಅಮೆರಿಕದ ಸಂವಿಧಾನದಲ್ಲಿ ಶಿಕ್ಷಣದ ಮಾತೇ ಇಲ್ಲ. ಅದು ಮೂಲಭೂತ ಹಕ್ಕೆಂದು ಪರೋಕ್ಷವಾಗಿಯೂ ಹೇಳಿಲ್ಲ ಎಂಬುದು ಅವರ ನಿಲುವು. ಶಾಲೆಯ ಆಡಳಿತ ಸ್ಥಳೀಯರ ಕೈಯಲ್ಲಿರಬೇಕೆಂಬುದು ನ್ಯಾಯವಾದ ಉದ್ದೇಶ. ತೆರಿಗೆ ಪದ್ಧತಿಯ ಸುಧಾರಣೆ ಶಾಸನಸಭೆಗಳ ಕೆಲಸ, ನ್ಯಾಯಾಲಯದ್ದಲ್ಲ ಎಂದು ಅವರು ಬರೆದರು.

ಭಿನ್ನಮತದವರ ಉತ್ತರ ಚುರುಕಾಗಿತ್ತು. ಸ್ಥಳೀಯ ಸ್ವಾತಂತ್ರ್ಯ ಎಂಬುದು ಎಜ್‌ವುಡ್‌ಗೆ ಬರಿಯ ಹೆಸರು ಎಂಬುದನ್ನು ನ್ಯಾಯಮೂರ್ತಿ ಬೈರನ್ ವೈಟ್ ಲೆಕ್ಕ ಹಾಕಿಯೇ ತೋರಿಸಿದರು. ಆ ಕೌಂಟಿಯ ಅತ್ಯಧಿಕ ತೆರಿಗೆ ಉತ್ಪತ್ತಿಯನ್ನು ಸರಿಗಟ್ಟಲು ಅಲಾಮೊ ಹೈಟ್ಸ್ 68 ಸೆಂಟ್ ದರ ವಿಧಿಸಿದರೆ ಸಾಕು. ಎಜ್‌ವುಡ್ 5.76 ಡಾಲರ್ ವಿಧಿಸಬೇಕು. ಆದರೆ ಕಾನೂನಿನ ಪ್ರಕಾರ 1.50 ಡಾಲರ್‌ಗಿಂತ ಹೆಚ್ಚು ವಿಧಿಸುವಂತೆಯೇ ಇಲ್ಲ! ಮಕ್ಕಳಿಗಾಗಿ ಎಷ್ಟು ತ್ಯಾಗಕ್ಕೆ ಸಿದ್ಧರಾದರೂ ಎಜ್‌ವುಡ್‌ನ ಜನರಿಗೆ ಅದಕ್ಕೆ ದಾರಿಯಿರಲಿಲ್ಲ. 1954ರಲ್ಲಿ ವರ್ಣಭೇದದ ಶಾಲೆಗಳ ವಿರುದ್ಧ ತೀರ್ಪು ಬಂದ ಪ್ರಖ್ಯಾತ ಮೊಕದ್ದಮೆಯಲ್ಲಿ ವಕೀಲರಾಗಿ ಗೆದ್ದಿದ್ದ ಥರ್ಗುಡ್ ಮಾರ್ಷಲ್ ಈಗ ನ್ಯಾಯಮೂರ್ತಿಯಾಗಿ ಸುದೀರ್ಘ ಭಿನ್ನಮತ ಬರೆದರು.

ರಾಬಿನ್ ಹುಡ್ ಕಾನೂನು

ದಿಲ್ಲಿಯ ಬಾಗಿಲು ಮುಚ್ಚಿದರೆ ಬೆಂಗಳೂರಿನ ಬಾಗಿಲು ಬಡಿಯುವಂತೆ, ಅಲ್ಲಿನ ಜನ ರಾಜ್ಯಗಳ ನ್ಯಾಯಾಲಯಗಳತ್ತ ತಿರುಗಿದರು. ಅಮೆರಿಕದ ಪ್ರತಿ ರಾಜ್ಯಕ್ಕೂ ತನ್ನದೇ ಸಂವಿಧಾನವಿದೆ; ಅವುಗಳಲ್ಲಿ ಶಾಲೆಗಳ ಪ್ರಸ್ತಾಪವಿದೆ. ಸುಪ್ರೀಂ ಕೋರ್ಟಿನ ತೀರ್ಪು ಬಂದು ಹದಿಮೂರೇ ದಿನಕ್ಕೆ ನ್ಯೂಜೆರ್ಸಿಯ ಸರ್ವೋಚ್ಚ ನ್ಯಾಯಾಲಯ ತನ್ನ ರಾಜ್ಯದ ಶಾಲಾ ಹಣಕಾಸು ಪದ್ಧತಿಯನ್ನು ರದ್ದುಮಾಡಿತು. ಶಾಸಕರು ವರ್ಷಗಟ್ಟಲೆ ಮೀನಮೇಷ ಎಣಿಸಿದಾಗ 1976ರ ಜುಲೈನಲ್ಲಿ ಶಾಲೆಗಳನ್ನೇ ಮುಚ್ಚಿಸಿತು. ಆಮೇಲೆಯೇ ಆ ರಾಜ್ಯಕ್ಕೆ ಆದಾಯ ತೆರಿಗೆ ಬಂದದ್ದು.

ಟೆಕ್ಸಾಸ್‌ನಲ್ಲಿ 1984ರಲ್ಲಿ ಎಜ್‌ವುಡ್ ಶಾಲಾ ಜಿಲ್ಲೆಯೇ ಮುಂದಾಗಿ ಹೊಸ ಮೊಕದ್ದಮೆ ಹೂಡಿತು. ಅಷ್ಟರಲ್ಲಿ ಅಂತರ ಇನ್ನೂ ಬೆಳೆದಿತ್ತು. 1985-86ರಲ್ಲಿ ಎಜ್‌ವುಡ್‌ನ ತಲಾ ಆಸ್ತಿ ಮೌಲ್ಯ 38,854 ಡಾಲರ್, ಅಲಾಮೊ ಹೈಟ್ಸ್‌ನದು 5,70,109. ರಾಜ್ಯದ ಅತಿ ಶ್ರೀಮಂತ ಜಿಲ್ಲೆಗೂ ಅತಿ ಬಡ ಜಿಲ್ಲೆಗೂ ಇದ್ದ ಅಂತರ 700 ಪಟ್ಟು. 1989ರ ಅಕ್ಟೋಬರ್ 2ರಂದು ಟೆಕ್ಸಾಸ್‌ನ ಸರ್ವೋಚ್ಚ ನ್ಯಾಯಾಲಯದ ಒಂಬತ್ತೂ ನ್ಯಾಯಮೂರ್ತಿಗಳು ಈ ಪದ್ಧತಿ ರಾಜ್ಯದ ಸಂವಿಧಾನಕ್ಕೆ ವಿರುದ್ಧವೆಂದು ಒಮ್ಮತದಿಂದ ಸಾರಿದರು. ದಕ್ಷವಾದ ಉಚಿತ ಶಾಲಾ ವ್ಯವಸ್ಥೆ ಇರಬೇಕೆಂದು ಆ ಸಂವಿಧಾನ ಹೇಳುತ್ತದೆ. ಇಷ್ಟು ಅಂತರವಿಟ್ಟುಕೊಂಡ ವ್ಯವಸ್ಥೆ ದಕ್ಷ ಹೇಗಾದೀತು ಎಂಬುದು ನ್ಯಾಯಾಲಯದ ಪ್ರಶ್ನೆ.

ತೀರ್ಪು ಬಂದರೂ ತೆರಿಗೆದಾರರ ಮನಸ್ಸು ಬದಲಾಗಬೇಕಲ್ಲ? ಶ್ರೀಮಂತ ಜಿಲ್ಲೆಗಳ ಹಣವನ್ನು ಬಡ ಜಿಲ್ಲೆಗಳಿಗೆ ಹಂಚಲು ಅವಕಾಶ ಕೊಡುವ ಸಂವಿಧಾನ ತಿದ್ದುಪಡಿಯನ್ನು 1993ರ ಮೇ ತಿಂಗಳಲ್ಲಿ ಮತದಾರರು ಭಾರೀ ಅಂತರದಿಂದ ತಿರಸ್ಕರಿಸಿದರು. ಕೂಡಲೇ ಶಾಸನಸಭೆ ಇನ್ನೊಂದು ಉಪಾಯ ಹೂಡಿತು. ತಲಾ ಆಸ್ತಿ ಮೌಲ್ಯ 2,80,000 ಡಾಲರ್ ಮೀರಿದ ಜಿಲ್ಲೆಗಳ ಮುಂದೆ ಐದು ದಾರಿಗಳನ್ನಿಟ್ಟಿತು. ಬೇರೆ ಜಿಲ್ಲೆಯೊಡನೆ ವಿಲೀನವಾಗುವುದರಿಂದ ಹಿಡಿದು ಹೆಚ್ಚುವರಿ ಹಣವನ್ನು ರಾಜ್ಯಕ್ಕೆ ಒಪ್ಪಿಸುವವರೆಗೆ ಯಾವುದನ್ನಾದರೂ ಅವು ಆರಿಸಿಕೊಳ್ಳಬೇಕಿತ್ತು. ಉಳ್ಳವರಿಂದ ಕಿತ್ತು ಇಲ್ಲದವರಿಗೆ ಹಂಚಿದ ಇಂಗ್ಲೆಂಡಿನ ದಂತಕಥೆಯ ನಾಯಕನ ನೆನಪಿನಲ್ಲಿ ಜನ ಅದಕ್ಕೆ 'ರಾಬಿನ್ ಹುಡ್' ಎಂದು ಅಡ್ಡಹೆಸರಿಟ್ಟರು. 1995ರಲ್ಲಿ ನ್ಯಾಯಾಲಯ ಆ ಕಾನೂನನ್ನು ಎತ್ತಿಹಿಡಿಯಿತು. ಬಳಿಕ ಮೊಕದ್ದಮೆಗಳ ಸರಣಿಯೇ ನಡೆಯಿತು. 2016ರಲ್ಲಿ ಅದೇ ನ್ಯಾಯಾಲಯ ವ್ಯವಸ್ಥೆಯಲ್ಲಿ ಲೋಪಗಳಿದ್ದರೂ ಅದು ಸಂವಿಧಾನಬದ್ಧ ಎಂದಿತು. 2019ರಲ್ಲಿ ರಾಜ್ಯ ಸರ್ಕಾರ ಶಾಲೆಗಳಿಗೆ ತನ್ನ ಪಾಲನ್ನು ಹೆಚ್ಚಿಸಿತು.

ಹಂಚಿಕೆಗೂ ತನ್ನದೇ ತೊಡಕುಗಳಿವೆ. ಕ್ಯಾಲಿಫೋರ್ನಿಯಾದಲ್ಲಿ 1971ರಿಂದ ನ್ಯಾಯಾಲಯಗಳು ಸಮಾನತೆಗೆ ಒತ್ತಾಯಿಸಿದವು. 1978ರಲ್ಲಿ ಅದೇ ರಾಜ್ಯದ ಮತದಾರರು ಆಸ್ತಿ ತೆರಿಗೆಗೆ ಶೇ 1ರ ಮಿತಿ ಹಾಕಿಬಿಟ್ಟರು. ತಾವು ಕಟ್ಟಿದ ಹಣ ತಮ್ಮೂರ ಶಾಲೆಗೇ ಬರುವುದಿಲ್ಲವೆಂದಾದ ಮೇಲೆ ಕಟ್ಟುವ ಉತ್ಸಾಹವೂ ಇಳಿಯಿತು ಎಂದು ವಾದಿಸುವ ವಿದ್ವಾಂಸರಿದ್ದಾರೆ, ಒಪ್ಪದವರೂ ಇದ್ದಾರೆ.

ನಮ್ಮಲ್ಲಿ

ಕರ್ನಾಟಕದಲ್ಲಿ ಸರ್ಕಾರಿ ಶಾಲೆಯ ಮೇಷ್ಟರ ಸಂಬಳ ಬರುವುದು ರಾಜ್ಯದ ಖಜಾನೆಯಿಂದ. ಗ್ರಾಮ ಪಂಚಾಯಿತಿ ಎಷ್ಟು ಮನೆ ಕಂದಾಯ ವಸೂಲು ಮಾಡಿತು ಎಂಬುದಕ್ಕೂ ಅದಕ್ಕೂ ನಂಟಿಲ್ಲ. ಪೊವೆಲ್ ಅವರ ಪೀಠ ಯಾವ ಹಕ್ಕನ್ನು ತಮ್ಮ ಸಂವಿಧಾನದಲ್ಲಿ ಕಾಣಲಿಲ್ಲವೋ ಅದನ್ನು ನಮ್ಮ ಸುಪ್ರೀಂ ಕೋರ್ಟು 1992ರಲ್ಲಿ ಬದುಕುವ ಹಕ್ಕಿನೊಳಗೇ ಕಂಡಿತು. ಕರ್ನಾಟಕದ ಖಾಸಗಿ ವೈದ್ಯಕೀಯ ಕಾಲೇಜಿನ ಕ್ಯಾಪಿಟೇಷನ್ ಶುಲ್ಕದಿಂದ ಹುಟ್ಟಿದ ಮೋಹಿನಿ ಜೈನ್ ಮೊಕದ್ದಮೆಯದು ಆ ತೀರ್ಪು. ಮರುವರ್ಷ ಉನ್ನಿಕೃಷ್ಣನ್ ಮೊಕದ್ದಮೆಯಲ್ಲಿ ಈ ಹಕ್ಕನ್ನು 14 ವರ್ಷದವರೆಗಿನ ಮಕ್ಕಳಿಗೆ ಖಚಿತಪಡಿಸಲಾಯಿತು. 2002ರ ಸಂವಿಧಾನ ತಿದ್ದುಪಡಿ ಆರರಿಂದ 14 ವರ್ಷದ ಮಕ್ಕಳ ಶಿಕ್ಷಣವನ್ನು ಮೂಲಭೂತ ಹಕ್ಕುಗಳ ಸಾಲಿಗೆ ಸೇರಿಸಿತು.

ಹಾಗೆಂದು ಬೀಗುವಂತಿಲ್ಲ. ಹಣ ಮೇಲಿನಿಂದ ಬರುವಲ್ಲಿ ಲೆಕ್ಕ ಕೇಳುವ ಅಧಿಕಾರವೂ ಮೇಲೆಯೇ ಉಳಿಯುತ್ತದೆ. ಖಾಲಿ ಬಿದ್ದ ಶಿಕ್ಷಕರ ಹುದ್ದೆಗೆ ಊರವರು ಅರ್ಜಿ ಹಿಡಿದು ಅಲೆಯಬೇಕು. 2001ರಲ್ಲಿ ಶಾಲಾಭಿವೃದ್ಧಿ ಸಮಿತಿಗಳು ಬಂದದ್ದು ಈ ಕೊರತೆಯನ್ನು ಅಷ್ಟಿಷ್ಟಾದರೂ ತುಂಬಲೆಂದೇ. ಅಮೆರಿಕದ ಊರಿಗೆ ಶಾಲೆಯ ಮೇಲೆ ಹಿಡಿತವಿದೆ; ಊರು ಬಡವಾದರೆ ಹಿಡಿಯಲು ಏನೂ ಉಳಿಯುವುದಿಲ್ಲ. ನಮ್ಮ ಊರಿಗೆ ಹಣದ ಪಾಲಿದೆ, ಹಿಡಿತ ಸಾಲದು.

ಡಿಮೆಟ್ರಿಯೊ ರಾಡ್ರಿಗಸ್ 2013ರಲ್ಲಿ ತೀರಿಕೊಂಡರು. ಮೊಕದ್ದಮೆ ಹೂಡಿದಾಗ ಶಾಲೆಗೆ ಹೋಗುತ್ತಿದ್ದ ಅವರ ಮಕ್ಕಳು 1989ರ ತೀರ್ಪು ಬರುವ ಹೊತ್ತಿಗೆ ಶಾಲೆಯ ವಯಸ್ಸು ದಾಟಿ ಎಷ್ಟೋ ವರ್ಷವಾಗಿತ್ತು. ತೆರಿಗೆಯ ದರ, ಆಸ್ತಿಯ ಮೌಲ್ಯ, ನೆರವಿನ ಸೂತ್ರ ಎಲ್ಲವನ್ನೂ ಮುಂದಿನ ಅಧಿವೇಶನದಲ್ಲಿ ತಿದ್ದಬಹುದು. ಮಗುವಿನ ಮೂರನೆಯ ತರಗತಿ ಮಾತ್ರ ಮುಂದಿನ ಅಧಿವೇಶನದವರೆಗೆ ಕಾಯುವುದಿಲ್ಲ.