ಶಾಲೆಯ ರಂಗಮಂಚ ಮತ್ತು ಕೃತಿಸ್ವಾಮ್ಯ

ಕಳೆದ ವಾರ ಹೊಳೆನರಸೀಪುರದಿಂದ ಹಳೆಯ ವಿದ್ಯಾರ್ಥಿಯೊಬ್ಬನ ದೂರವಾಣಿ ಕರೆ ಬಂದಿತ್ತು. ಈಗ ಅವನೂ ಪ್ರೌಢಶಾಲೆಯ ಮೇಷ್ಟ್ರು, ನಿವೃತ್ತಿಗೆ ಹತ್ತಿರವಾಗಿದ್ದಾನೆ. "ಸಾರ್, ಸ್ಕೂಲ್ ಡೇಗೆ ಮಕ್ಕಳಿಂದ ನಾಟಕ ಆಡಿಸ್ಬೇಕು ಅಂತಿದೀನಿ. ಲೈಸೆನ್ಸ್ ಬೇಕು ಅಂತ ಒಬ್ಬರು ಹೆದರಿಸ್ತಿದಾರೆ. ನಾವು ಆಡಿದಾಗ ನೀವು ಯಾರನ್ನ ಕೇಳಿದ್ರಿ?" ಎಂದ. ಯಾರನ್ನೂ ಕೇಳಿರಲಿಲ್ಲ. ಅಷ್ಟನ್ನು ಒಪ್ಪಿಕೊಂಡು ಫೋನ್ ಇಟ್ಟೆನಾದರೂ ಮನಸ್ಸಿಗೆ ಸಮಾಧಾನವಾಗಲಿಲ್ಲ. ಅದರಿಂದಾಗಿ ಈ ಬರಹ.

ನಮ್ಮ ಕೃತಿಸ್ವಾಮ್ಯ ಕಾಯಿದೆ 1957ರದು. ಜಾರಿಗೆ ಬಂದದ್ದು 1958ರ ಜನವರಿ 21ರಂದು. ಅದರ 52ನೆಯ ಕಲಮು ಶಾಲೆಗಳ ಪಾಲಿಗೆ ಉದಾರವಾಗಿದೆ. ಶಾಲೆಯ ಚಟುವಟಿಕೆಯ ಅಂಗವಾಗಿ ಅಧ್ಯಾಪಕರೂ ವಿದ್ಯಾರ್ಥಿಗಳೂ ನಾಟಕವಾಡಿದರೆ, ಹಾಡಿದರೆ, ನೋಡುವವರು ಶಾಲೆಯವರು, ತಂದೆತಾಯಿ ಪೋಷಕರು ಮತ್ತು ಶಾಲೆಯ ಕೆಲಸಕಾರ್ಯಗಳಿಗೆ ಸಂಬಂಧಪಟ್ಟವರಷ್ಟೇ ಆಗಿದ್ದರೆ, ಅದು ಹಕ್ಕಿನ ಉಲ್ಲಂಘನೆಯಲ್ಲ. ಧ್ವನಿಮುದ್ರಿತ ಹಾಡಿಗೂ ಇದೇ ರಿಯಾಯಿತಿಯುಂಟು. ಆದರೆ ಅದೇ ಕುಣಿತವನ್ನು ಚಿತ್ರೀಕರಿಸಿ ಯೂಟ್ಯೂಬಿಗೆ ಏರಿಸಿದರೆ ರಿಯಾಯಿತಿ ತಾನಾಗಿ ಅಲ್ಲಿಗೂ ಹಿಂಬಾಲಿಸುವುದಿಲ್ಲ.

ಈ ಕಲಮಿನ ಮಾತು ಸುಪ್ರೀಂ ಕೋರ್ಟಿನವರೆಗೆ ಹೋದದ್ದು ನಮ್ಮ ಕರ್ನಾಟಕದ ಮೊಕದ್ದಮೆಯೊಂದರಲ್ಲಿಯೇ. ಕೋಟ ಶಿವರಾಮ ಕಾರಂತರು ಯಕ್ಷಗಾನಕ್ಕೆ ಹೊಸ ರೂಪವನ್ನಿತ್ತು ಏಳು ಪ್ರಸಂಗಗಳನ್ನು ರಂಗಕ್ಕೆ ಅಣಿಗೊಳಿಸಿದ್ದರು. ತಮ್ಮ ಕೃತಿಗಳ ಹಕ್ಕನ್ನು 1994ರ ಉಯಿಲಿನಲ್ಲಿ ಮಾಲಿನಿ ಮಲ್ಯ ಅವರಿಗೆ ಬರೆದುಕೊಟ್ಟರು. 1997ರ ಡಿಸೆಂಬರ್ 9ರಂದು ತೀರಿಕೊಂಡರು. 2001ರ ಸೆಪ್ಟೆಂಬರಿನಲ್ಲಿ ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜುಕೇಶನ್ ದೆಹಲಿಯಲ್ಲಿ 'ಅಭಿಮನ್ಯು ವಧೆ'ಯನ್ನು ಪ್ರದರ್ಶಿಸಿತು. ಒಪ್ಪಿಗೆ ಪಡೆದಿಲ್ಲವೆಂದು ಮಲ್ಯ ಅವರು ಉಡುಪಿಯಲ್ಲಿ ದಾವೆ ಹೂಡಿದರು. ಕಾರಂತರು ನಮ್ಮ ಯಕ್ಷಗಾನ ಕೇಂದ್ರದ ನಿರ್ದೇಶಕರಾಗಿದ್ದಾಗ ಮಾಡಿದ ಕೆಲಸವಿದು, ಹಕ್ಕು ನಮ್ಮದೇ ಎಂಬುದು ಸಂಸ್ಥೆಯ ವಾದ. ಕೆಳಗಿನ ನ್ಯಾಯಾಲಯವೂ ಹೈಕೋರ್ಟೂ ಅದನ್ನು ಒಪ್ಪಲಿಲ್ಲ. 2009ರ ಜನವರಿ 23ರಂದು ಸುಪ್ರೀಂ ಕೋರ್ಟು ಮಲ್ಯ ಅವರ ಹಕ್ಕನ್ನು ಎತ್ತಿಹಿಡಿಯಿತು. ಜೊತೆಗೊಂದು ಮಾತು ಸೇರಿಸಿತು: ಸಂಸ್ಥೆಯು ಕಾಯಿದೆಯ ಮಿತಿಯೊಳಗೆ, ವಿದ್ಯಾಸಂಸ್ಥೆಗಳಿಗೂ ಹಣ ಪಡೆಯದ ಹವ್ಯಾಸಿ ಪ್ರದರ್ಶನಗಳಿಗೂ ಇರುವ ರಿಯಾಯಿತಿಗೆ ಹೊಂದುವಂತೆ ಆಡುವುದಾದರೆ ಅದಕ್ಕೆ ತಡೆಯಿಲ್ಲ. ಕಲಾವಿದನ ಹಕ್ಕೂ ಉಳಿಯಿತು, ಶಾಲೆಯ ಬಾಗಿಲೂ ಮುಚ್ಚಲಿಲ್ಲ. ಈ ತೀರ್ಪನ್ನು ಓದಿದಾಗಲೆಲ್ಲ ನನಗೆ ಸಂತೋಷವಾಗುತ್ತದೆ, ಜೊತೆಗೆ ಸ್ವಲ್ಪ ಸಂಕೋಚವೂ.

ಸಂಕೋಚದ ಕಾರಣ 1987. ಅರಕಲಗೂಡು ತಾಲ್ಲೂಕಿನ ಒಂದು ಶಾಲೆಯಲ್ಲಿ ಹತ್ತನೆಯ ತರಗತಿಯ ಕೋಣೆಗೆ ಹೆಂಚು ಹೊದಿಸಲು ಹಣವಿರಲಿಲ್ಲ. ನಾಟಕವಾಡಿ ಹಣ ಕೂಡಿಸೋಣವೆಂದು ಹೊರಟವನು ನಾನು. ಕಾರ್ಬನ್ ಕಾಗದವಿಟ್ಟು ಪಾತ್ರಗಳ ಮಾತುಗಳನ್ನು ನಕಲು ಮಾಡಿದವರು, ಸಂತೆಯಲ್ಲಿ ಎರಡು ರೂಪಾಯಿಯ ಟಿಕೆಟ್ ಮಾರಿದವರು ನೀವೇ, ನೆನಪಿದೆಯಲ್ಲ? ಊರೆಲ್ಲ ಬಂದಿತ್ತು, ಕೋಣೆಗೆ ಹೆಂಚೂ ಬಂತು. ಟಿಕೆಟ್ ಇಟ್ಟು ಊರವರನ್ನು ಕರೆದ ಮೇಲೆ 52ನೆಯ ಕಲಮಿನ ಆಶ್ರಯ ನಮಗೆ ಸಿಗುತ್ತಿರಲಿಲ್ಲವೆಂದೇ ನನ್ನ ಎಣಿಕೆ. ಆದರೆ ಅದಕ್ಕಿಂತಲೂ ನನ್ನನ್ನು ಕೊರೆಯುವುದು ಆ ದಿನದ ಕರಪತ್ರ. ಅದರಲ್ಲಿ ದಾನಿಗಳ ಹೆಸರಿತ್ತು, ಧ್ವನಿವರ್ಧಕದವರ ಹೆಸರಿತ್ತು, ನಿರ್ದೇಶಕನೆಂದು ನನ್ನ ಹೆಸರೂ ದಪ್ಪಕ್ಷರದಲ್ಲಿತ್ತು. ನಾಟಕ ಬರೆದವರ ಹೆಸರಿರಲಿಲ್ಲ. ಅವರು ಆಗ ಬದುಕಿದ್ದರು. ಒಂದು ಕಾರ್ಡು ಬರೆದಿದ್ದರೆ ಸಾಕಿತ್ತು.

ಹಳೆಯ ಕೃತಿಗಳ ವಿಷಯ ಬೇರೆ. ಲೇಖಕರು ತೀರಿಕೊಂಡ ಮರುವರ್ಷದಿಂದ ಅರುವತ್ತು ವರ್ಷ ಹಕ್ಕು ನಡೆಯುತ್ತದೆ. ಮೊದಲು ಐವತ್ತಿತ್ತು, ರವೀಂದ್ರನಾಥ ಠಾಕೂರರ ಕೃತಿಗಳ ಅವಧಿ ಮುಗಿಯುವ ಹೊತ್ತಿಗೆ ಅದನ್ನು ಹತ್ತು ವರ್ಷ ಬೆಳೆಸಿದರು. ಕೈಲಾಸಂ ತೀರಿಕೊಂಡದ್ದು 1946ರಲ್ಲಿ; ಆದ್ದರಿಂದ 2007ರಿಂದ 'ಟೊಳ್ಳುಗಟ್ಟಿ'ಯನ್ನು ಯಾರು ಬೇಕಾದರೂ ಆಡಬಹುದು. ಅರಕಲಗೂಡಿನ ಹೆಸರನ್ನೇ ಹೊತ್ತಿದ್ದ ಅ.ನ.ಕೃ. 1971ರಲ್ಲಿ ತೀರಿಕೊಂಡರು, ಅವರ ಕೃತಿಗಳ ಹಕ್ಕು 2031ರ ಕೊನೆಯವರೆಗಿದೆ. ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರದು 2051ರ ಕೊನೆಯವರೆಗೆ.

ಇದನ್ನೆಲ್ಲ ಮರುದಿನ ಅವನಿಗೆ ಫೋನಿನಲ್ಲಿ ವಿವರಿಸಿದೆ. ಟಿಕೆಟ್ ಇಡುವುದಿಲ್ಲ, ಲೇಖಕರ ಹೆಸರನ್ನು ಆಮಂತ್ರಣದ ಮೊದಲ ಸಾಲಿನಲ್ಲೇ ಹಾಕಿಸುತ್ತೇನೆ ಎಂದ. "ನೀವು ಬರ್ಲೇಬೇಕು ಸಾರ್" ಎಂದೂ ಸೇರಿಸಿದ. ನಾನು ಆ ಶಾಲೆಯ ಅಧ್ಯಾಪಕನೂ ಅಲ್ಲ, ಪೋಷಕನೂ ಅಲ್ಲ, ಕಲಮಿನ ಪ್ರಕಾರ ಒಳಗೆ ಹೇಗೆ ಬಿಡುತ್ತೀಯಪ್ಪ ಎಂದು ಕೇಳಿದೆ. ಬಹುಮಾನ ವಿತರಣೆಗೆ ಕರೆಸುತ್ತಾನಂತೆ.