ಪಾದರಸವನ್ನು ಆರಿಸಿ ಹಿಡಿಯುವ ಪುಡಿ

1959ರ ಡಿಸೆಂಬರ್. ಜಪಾನಿನ ಮಿನಮಾಟದಲ್ಲಿದ್ದ ಚಿಸ್ಸೊ ರಾಸಾಯನಿಕ ಕಾರ್ಖಾನೆಯಲ್ಲಿ ತ್ಯಾಜ್ಯ ನೀರನ್ನು ಶುದ್ಧೀಕರಿಸುವ 'ಸೈಕ್ಲೇಟರ್' ಘಟಕದ ಉದ್ಘಾಟನೆ. ಶುದ್ಧೀಕರಿಸಿದ ನೀರೆಂದು ಹೇಳಲಾದ ಒಂದು ಲೋಟ ನೀರನ್ನು ಕಂಪನಿಯ ಅಧ್ಯಕ್ಷರು ಎಲ್ಲರೆದುರು ಕುಡಿದು ತೋರಿಸಿದರು. ಆದರೆ ಪಾದರಸವಿದ್ದ ಅಸಿಟಾಲ್ಡಿಹೈಡ್ ವಿಭಾಗದ ಕೊಳೆನೀರು ಆಗ ಆ ಘಟಕಕ್ಕೆ ಹರಿಯುತ್ತಲೇ ಇರಲಿಲ್ಲ! ಹರಿದಿದ್ದರೂ ಪ್ರಯೋಜನವಿರಲಿಲ್ಲ. ಕರಗಿದ ಮೀಥೈಲ್ ಪಾದರಸವನ್ನು ತೆಗೆಯುವ ಶಕ್ತಿ ಅದಕ್ಕಿಲ್ಲವೆಂಬುದು ಮುಂದೆ ನ್ಯಾಯಾಲಯದಲ್ಲಿ ಹೊರಬಿತ್ತು. ಕೊಲ್ಲಿಯ ಮೀನು ತಿಂದವರ ನರಮಂಡಲ ಕೆಡುತ್ತಿದ್ದ ಕಾಯಿಲೆ 1956ರಲ್ಲೇ ಬೆಳಕಿಗೆ ಬಂದಿತ್ತು. ಪಾದರಸ ಬಳಸುವ ಆ ತಯಾರಿಕೆ ನಿಂತದ್ದು ಮಾತ್ರ 1968ರಲ್ಲಿ.

ಕರಗಿದ ಲೋಹವನ್ನು ಹಿಡಿಯುವುದು ಅಷ್ಟು ಕಷ್ಟವೆ? ಹಿಡಿಯುವುದಕ್ಕಿಂತ ಆರಿಸುವುದು ಕಷ್ಟ. ಕೊಳೆನೀರಿನಲ್ಲಿ ಪಾದರಸ ಒಂದು ಪಾಲಿದ್ದರೆ ಸೋಡಿಯಮ್, ಕ್ಯಾಲ್ಸಿಯಮ್ ಸಾವಿರಾರು ಪಾಲು ಇರಬಹುದು. ಸಿಕ್ಕಿದ್ದನ್ನೆಲ್ಲ ಹಿಡಿಯುವ ವಸ್ತು ಈ ನಿರುಪದ್ರವಿ ಅಯಾನುಗಳಿಂದಲೇ ತುಂಬಿಹೋಗುತ್ತದೆ.

ಘನವಸ್ತುವಿನ ಮೇಲ್ಮೈಗೆ ಕಣಗಳು ಅಂಟಿಕೊಳ್ಳುವುದಕ್ಕೆ ಅಧಿಶೋಷಣೆ ಎನ್ನುತ್ತಾರೆ. ಇದ್ದಿಲು ದ್ರಾವಣಗಳ ಬಣ್ಣವನ್ನು ಹೀರುವುದನ್ನು ರಷ್ಯದಲ್ಲಿ ಲೋವಿಟ್ಸ್ 1785ರಲ್ಲೇ ಗಮನಿಸಿದ್ದ. ಅಯಾನುಗಳ ಕಥೆ ಶುರುವಾದದ್ದು ಮಾತ್ರ ಹೊಲದಲ್ಲಿ. ಮಳೆ ಬಂದರೂ ಗೊಬ್ಬರದ ಸತ್ತ್ವ ಪೂರ್ತಿ ಕೊಚ್ಚಿಹೋಗುವುದಿಲ್ಲವೇಕೆ? ಇಂಗ್ಲೆಂಡಿನ ಯಾರ್ಕ್‌ಷೈರ್‌ನ ಜಮೀನುದಾರ ಥಾಮ್ಸನ್ 1845ರಲ್ಲಿ ಮಣ್ಣು ತುಂಬಿದ ಕೊಳವೆಗೆ ಅಮೋನಿಯಮ್ ಸಲ್ಫೇಟ್ ದ್ರಾವಣ ಸುರಿದ. ಕೆಳಗಿನಿಂದ ಇಳಿದದ್ದು ಹೆಚ್ಚಾಗಿ ಕ್ಯಾಲ್ಸಿಯಮ್ ಸಲ್ಫೇಟ್, ಅಂದರೆ ಜಿಪ್ಸಮ್! ಮಣ್ಣು ಅಮೋನಿಯಮನ್ನು ಇಟ್ಟುಕೊಂಡು ಬದಲಿಗೆ ಕ್ಯಾಲ್ಸಿಯಮನ್ನು ಬಿಟ್ಟುಕೊಟ್ಟಿತ್ತು. ಈ ಕೊಡುಕೊಳೆ ಲೆಕ್ಕಕ್ಕೆ ಸರಿಯಾಗಿ ನಡೆಯುತ್ತದೆಂದು ರಸಾಯನವಿಜ್ಞಾನಿ ವೇ 1850ರಲ್ಲಿ ತೋರಿಸಿದ. ಗಡಸು ನೀರನ್ನು ಮೆದುಗೊಳಿಸುವ ಸಾಧನಗಳಿಗೂ, 1935ರಲ್ಲಿ ಆಡಮ್ಸ್ ಮತ್ತು ಹೋಮ್ಸ್ ತಯಾರಿಸಿದ ಅಯಾನು ವಿನಿಮಯ ರೆಸಿನ್‌ಗಳಿಗೂ ಇದೇ ತಳಹದಿ. ಇವು ಮುಖ್ಯವಾಗಿ ನೋಡುವುದು ಅಯಾನಿನ ವಿದ್ಯುದಾವೇಶವನ್ನು. ಕ್ಯಾಲ್ಸಿಯಮ್ಮಿಗೂ ಪಾದರಸಕ್ಕೂ ಅದು ಒಂದೇ: ಎರಡು ಧನ.

ಉತ್ತರ ಒಂದು ಹೆಸರಿನಲ್ಲೇ ಅಡಗಿತ್ತು. 1830ರ ದಶಕದಲ್ಲಿ ಡೆನ್ಮಾರ್ಕಿನ ಝೈಸೆ, ಗಂಧಕವಿರುವ ಒಂದು ಬಗೆಯ ಸಂಯುಕ್ತಗಳಿಗೆ 'ಮರ್ಕ್ಯಾಪ್ಟನ್' ಎಂದು ಹೆಸರಿಟ್ಟ. ಲ್ಯಾಟಿನ್ ಮೂಲದಲ್ಲಿ 'ಪಾದರಸವನ್ನು ಹಿಡಿಯುವಂಥದು' ಎಂದರ್ಥ. ಏಕೆ ಹಿಡಿಯುತ್ತದೆಂಬುದಕ್ಕೆ ಒಪ್ಪುವ ವಿವರಣೆ ಸಿಕ್ಕಿದ್ದು 1963ರಲ್ಲಿ. ಮೃದು ಆಮ್ಲಗಳು ಮೃದು ಪ್ರತ್ಯಾಮ್ಲಗಳನ್ನೂ ಕಠಿಣ ಆಮ್ಲಗಳು ಕಠಿಣ ಪ್ರತ್ಯಾಮ್ಲಗಳನ್ನೂ ಬಯಸುತ್ತವೆ ಎಂದು ಅಮೆರಿಕದ ಪಿಯರ್ಸನ್ ಹೇಳಿದರು. ಪಾದರಸ ಮೃದು, ಗಂಧಕವೂ ಮೃದು. ಕ್ಯಾಲ್ಸಿಯಮ್ ಕಠಿಣ; ಅದಕ್ಕೆ ಬೇಕಾದದ್ದು ಆಕ್ಸಿಜನ್. ನಮ್ಮ ಪ್ರೋಟೀನುಗಳಲ್ಲಿರುವ ಗಂಧಕಕ್ಕೆ ಅಂಟಿಕೊಂಡೇ ಪಾದರಸ ಕೆಡುಕು ಮಾಡುತ್ತದೆ ಎಂಬುದನ್ನೂ ಇಲ್ಲಿ ನೆನೆಯಬೇಕು. ವಿಷವಾಗುವ ಬಂಧವೇ ಬಲೆಯೂ ಆಗಬಲ್ಲುದು.

ಗಂಧಕ ಹೊತ್ತ ರೆಸಿನ್‌ಗಳು ಬಂದವು. ಆದರೂ ಕಡಿಮೆ ಪುಡಿಯಲ್ಲಿ ಹೆಚ್ಚು ಮೇಲ್ಮೈ ಬೇಕಿತ್ತು. 1992ರಲ್ಲಿ ಮೊಬಿಲ್ ಕಂಪನಿಯ ಸಂಶೋಧಕರು ಜೇನುಗೂಡಿನಂತೆ ಒಪ್ಪವಾದ, ಕೆಲವೇ ನ್ಯಾನೊಮೀಟರ್ ಅಗಲದ ರಂಧ್ರಗಳಿರುವ ಸಿಲಿಕವನ್ನು ಪ್ರಕಟಿಸಿದರು. ಅದರ ಒಂದು ಗ್ರಾಮಿನ ಒಳಮೈ ಹಲವು ನೂರು ಚದರ ಮೀಟರ್! 1997ರಲ್ಲಿ ಅಮೆರಿಕದ ಪೆಸಿಫಿಕ್ ನಾರ್ತ್‌ವೆಸ್ಟ್ ರಾಷ್ಟ್ರೀಯ ಪ್ರಯೋಗಾಲಯದವರು ಈ ರಂಧ್ರಗಳ ಗೋಡೆಗೆ ಒಂದೇ ಅಣುವಿನಷ್ಟು ದಪ್ಪದ ಮರ್ಕ್ಯಾಪ್ಟನ್ ಪದರ ಕೂಡಿಸಿದರು. ಸೋಡಿಯಮ್, ಕ್ಯಾಲ್ಸಿಯಮ್ ಹೇರಳವಾಗಿದ್ದ ನೀರಿನಲ್ಲೂ ಪುಡಿ ಅವನ್ನು ಬದಿಗೊತ್ತಿ ಪಾದರಸವನ್ನು ಹಿಡಿಯಿತು. ಝೈಸೆ ಹೆಸರಿಟ್ಟು ಒಂದೂವರೆ ಶತಮಾನ ಮಿಕ್ಕಿತ್ತು. ಮಿನಮಾಟದವರಿಗಂತೂ ತೀರ ತಡ.

ತುಂಬಿದ ಪುಡಿಯನ್ನು ಗಾಢ ಹೈಡ್ರೊಕ್ಲೋರಿಕ್ ಆಮ್ಲದಲ್ಲಿ ತೊಳೆದರೆ ಅದು ಪಾದರಸವನ್ನು ಬಿಟ್ಟುಕೊಡುತ್ತದೆ, ಮತ್ತೆ ಬಳಕೆಗೆ ಬರುತ್ತದೆ. ತೊಳೆದ ಆಮ್ಲದಲ್ಲಿ ಈಗ ಪಾದರಸವಿದೆ. ಅದು ಚರಂಡಿಗೆ ಇಳಿಯದಂತೆ ಕಾಯುವ ಕೆಲಸ ಮನುಷ್ಯರದು.